ಗಾಜಿನ ಮನೆಯ ಅಳಸಿಂಗ ಮಾಮಾ

ಮೇ ತಿಂಗಳ ಮದರಾಸಿನಲ್ಲಿ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಓಡಾಡುತ್ತಿದ್ದ ಮನುಷ್ಯನನ್ನು ನಾನು ಕಂಡದ್ದು ಒಬ್ಬರನ್ನೇ. ಅಳಸಿಂಗಾಚಾರ್ಯರು ನಮ್ಮ ಸಸ್ಯೋದ್ಯಾನದ ಗಾಜಿನ ಮನೆಯನ್ನು ನೋಡಿಕೊಳ್ಳುತ್ತಿದ್ದರು. ಅದರೊಳಗೆ ಮೂರು ಕೋಣೆ. ಒಂದರಲ್ಲಿ ಮಳೆಕಾಡಿನ ಗಿಡಗಳು, ಇನ್ನೊಂದರಲ್ಲಿ ಮರುಭೂಮಿಯವು, ಕೊನೆಯದರಲ್ಲಿ ಸದಾ ಗುರುಗುಟ್ಟುವ ತಂಪು ಯಂತ್ರದ ಆಸರೆಯಲ್ಲಿ ಹಿಮಾಲಯದವು. ಆಚಾರ್ಯರದು ಕೋಣೆಗೆ ತಕ್ಕ ವೇಷ. ಮಳೆಕಾಡಿಗೆ ಕೊಡೆ, ಮರುಭೂಮಿಗೆ ತಲೆಯ ಮೇಲೆ ಒದ್ದೆ ಅಂಗವಸ್ತ್ರ, ಹಿಮಾಲಯಕ್ಕೆ ಮಫ್ಲರ್. ಎಷ್ಟೋ ಸಲ ಮೂರನ್ನೂ ತೆಗೆಯಲು ಮರೆತು ಹೊರಬಂದು, ಹಣೆಯ ನಾಮ ಬೆವರಿನಲ್ಲಿ ಕರಗುತ್ತಿರುವಾಗ, "ಏನು ಸೆಕೆ, ಪೆರುಮಾಳೇ!" ಎಂದು ಆಶ್ಚರ್ಯಪಡುತ್ತಿದ್ದರು.

ನಾನು ಅಲ್ಲಿ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ, ಬಿ.ಎಸ್ಸಿ. ಮುಗಿಸಿ, ಗಿಡಗಳ ಹೆಸರಿನ ಫಲಕ ಬರೆಯುವ ಕೆಲಸಕ್ಕೆ. ನಮ್ಮಪ್ಪ ತುಮಕೂರಿನ ಕಡೆಯವರು, ಪೆರಂಬೂರಿನಲ್ಲಿ ರೈಲ್ವೆ ನೌಕರಿ. ಆಚಾರ್ಯರ ಮನೆತನ ಮೇಲುಕೋಟೆಯಿಂದ ಬಂದು ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿ ನಾಲ್ಕು ತಲೆಮಾರಾಗಿತ್ತು. ನಾನು ಕನ್ನಡದವಳೆಂದು ತಿಳಿದದ್ದೇ ತಡ, "ಅಡಡಾ, ನಮ್ಮ ಹುಡುಗಿ! ಸಾರ್ ಗೀರ್ ಎಲ್ಲಾ ವೇಂಡಾ ವಿಮಲಾ, ಮಾಮಾ ಅನ್ನು," ಎಂದರು. ಅವರ ಕನ್ನಡದಲ್ಲಿ ಅರ್ಧ ತಮಿಳು. ನನ್ನದರಲ್ಲಿ ಮುಕ್ಕಾಲು.

ಮಳೆಕಾಡಿನ ಕೋಣೆಯಲ್ಲಿ ಹುಳುಗಳನ್ನು ಹಿಡಿದು ತಿನ್ನುವ ಹೂಜಿಗಿಡವೊಂದಿತ್ತು. ಏಕಾದಶಿಯ ದಿನ ಮಾಮಾ ಅದರ ಒಂದೊಂದು ಹೂಜಿಯ ಬಾಯಿಗೂ ಹತ್ತಿಯ ಉಂಡೆ ತುರುಕುತ್ತಿದ್ದರು.

"ಇದೇನು ಮಾಮಾ?"

"ನಾನು ಉಪವಾಸ ಇರೋವಾಗ ಇದೊಂದು ನನ್ನ ಕಣ್ಣೆದುರಿಗೇ ನೊಣ ಮೆಲ್ಲೋದಾ? ನಾಳೆ ದ್ವಾದಶಿ, ಬೆಳಿಗ್ಗೆನೇ ಪಾರಣೆ ಮಾಡಿಸ್ತೀನಿ, ಬಿಡು."

ಒಂದು ಬೇಸಿಗೆಯಲ್ಲಿ, ಮದರಾಸಿನವರು ಕತ್ತರಿ ಎನ್ನುವ ಉರಿಬಿಸಿಲು ಶುರುವಾದ ಮೂರನೆಯ ದಿನ, ತಂಪು ಯಂತ್ರ ಒಮ್ಮೆ ಕೆಮ್ಮಿ ನಿಂತಿತು. ಅದರ ಬಿಡಿಭಾಗ ಬೊಂಬಾಯಿಯಿಂದ ಬರಲು ಐದು ದಿನ ಬೇಕೆಂದರು. ಸೂಪರಿಂಟೆಂಡೆಂಟರಿಗೆ ಆ ಕೋಣೆಯ ಮೇಲೆ ಮೊದಲೇ ಮುನಿಸು. "ಹೋಗುವುದಾದರೆ ಹೋಗಲಿ ಆಚಾರ್ಯರೇ. ಖಾಲಿಯಾದರೆ ಗುದ್ದಲಿ, ಬುಟ್ಟಿ ಇಡೋಕೆ ಜಾಗವಾಗುತ್ತೆ," ಎಂದರು.

ಮಾಮಾ ಆ ಕೋಣೆಗೆ ಲಾವಂಚದ ತಟ್ಟಿ ಕಟ್ಟಿಸಿ ನೀರು ಚಿಮುಕಿಸಿದರು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಜೋತುಬಿದ್ದವು. ಪ್ರಿಮುಲಾ ಎಂಬ ಪುಟ್ಟ ಗಿಡ ಅವರ ಪ್ರಾಣ. ಡಾರ್ಜಿಲಿಂಗಿನಿಂದ ಬಂದು ಆರು ವರ್ಷವಾದರೂ ಒಂದು ಹೂವನ್ನೂ ಬಿಟ್ಟಿರಲಿಲ್ಲ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದವರು ಥಟ್ಟನೆ ಎದ್ದರು.

"ವಿಮಲಾ, ಈ ಊರಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವ್ದು?"

"ಐಸ್ ಇರೋ ಜಾಗ. ರಾಯಪುರಂನಲ್ಲಿ ಮೀನಿಗೆ ಐಸ್ ಹಾಕೋ ಗೋದಾಮಿದೆ," ಎಂದವಳು ನಾಲಗೆ ಕಚ್ಚಿಕೊಂಡೆ. ಮೀನು ಮಾರುವವರು ಬೀದಿಗೆ ಬಂದರೆ ಆ ಬದಿಯನ್ನೇ ಬಿಡುತ್ತಿದ್ದ ಮನುಷ್ಯ ಅವರು.

ಮಾಮಾ ಕಣ್ಣುಮುಚ್ಚಿ ಏನೋ ಮಣಮಣಿಸಿದರು. "ಜಟ್ಕಾ ಕರೆ," ಎಂದರು.

ಹನ್ನೊಂದು ಕುಂಡಗಳಿಗೆ ಮಾಮಾ ತಮ್ಮ ಬದಲಿ ಪಂಚೆಯನ್ನು ನೆನೆಸಿ ಹೊದಿಸಿದ ಮೇಲೆ ಹೊರಟೆವು. ಪ್ಯಾರೀಸ್ ಕಾರ್ನರಿನ ಗಿಜಿಗಿಜಿಯಲ್ಲಿ ಜಟ್ಕಾ ನಿಂತಾಗ ಯಾರೋ, "ಯಾರಿಗೆ ಸಾಮಿ ಹುಷಾರಿಲ್ಲ?" ಎಂದು ಕೇಳಿದರು. ಮಾಮಾ ಗಂಭೀರವಾಗಿ, "ಹನ್ನೊಂದು ಜನಕ್ಕೂ," ಎಂದರು.

ಗೋದಾಮಿನ ಒಡತಿ ಅಂಜಲೈ. ಎತ್ತರದ ಆಳು, ಮೂಗಿನ ಎರಡೂ ಕಡೆ ಬೊಟ್ಟು. ಅವಳು ಆಡಿದ್ದು ಕಡಲತಡಿಯ ತಮಿಳು. ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

"ಏನು ಐಯರೇ, ದಾರಿ ತಪ್ಪಿ ಬಂದೆಯಾ?"

"ಐಯರ್ ಅಲ್ಲಮ್ಮಾ, ಐಯಂಗಾರ್."

"ಎರಡೂ ಒಂದೇ. ಮೀನು ತಿನ್ನಲ್ಲ ತಾನೇ?"

ಮಾಮಾ ಮೂಗಿಗೆ ಅಂಗವಸ್ತ್ರ ಒತ್ತಿಕೊಂಡೇ ಕಥೆಯನ್ನೆಲ್ಲ ಹೇಳಿದರು. ಅಂಜಲೈ ಪ್ರಿಮುಲಾದ ಜೋಲುಬಿದ್ದ ಎಲೆಯನ್ನು ಬೆರಳಿನಿಂದ ಎತ್ತಿ ನೋಡಿದಳು. ಆಮೇಲೆ ಒಳಗೆ ತಿರುಗಿ ಕೂಗಿದಳು: "ಲೇ, ಆ ವಂಜರ ಮೀನಿನ ಬುಟ್ಟಿಗಳನ್ನ ಅತ್ತ ಸರಿಸ್ರೋ! ಬೆಟ್ಟದ ನೆಂಟರು ಬಂದವ್ರೆ."

ಐದು ದಿನವೂ ಕೆಲಸ ಮುಗಿಸಿ ಮಾಮಾ ರಾಯಪುರಂಗೆ ಹೋದರು. ಮೊದಲ ದಿನ ಬಾಗಿಲಲ್ಲೇ ನಿಂತು ಕುಂಡಗಳನ್ನು ಎಣಿಸಿದರು. ಮೂರನೆಯ ದಿನ ನಾನೂ ಹೋದಾಗ ಅಂಜಲೈ ಹಾಕಿಕೊಟ್ಟ ಮಣೆಯ ಮೇಲೆ ಕೂತು, ಸುತ್ತ ಮೀನಿನ ರಾಶಿಯ ನಡುವೆ, ಗಿಡಕ್ಕೆ ಎಷ್ಟು ನೀರು ಹಾಕಬೇಕೆಂದು ಅವಳಿಗೆ ಪಾಠ ಹೇಳುತ್ತಿದ್ದರು. ಅಂಗವಸ್ತ್ರ ಮೂಗಿನಿಂದ ಹೆಗಲಿಗೆ ಇಳಿದಿತ್ತು. ತೋಟಕ್ಕೆ ವಾಪಸು ಬಂದು ಕೊಳಾಯಿಯ ಕೆಳಗೆ ಸ್ನಾನ ಮಾಡಿಯೇ ಮನೆಗೆ ಹೋಗುತ್ತಿದ್ದರು. ಆದರೂ ಹೆಂಡತಿಯ ಮೂಗನ್ನು ವಂಚಿಸಲಾಗಲಿಲ್ಲ.

"ನಿನ್ನೆ ನಮ್ಮ ಕನಕ ಕೇಳಿದ್ಲು, ಇದ್ಯಾವ ಗಿಡದ ವಾಸನೆ ಅಂತ," ಎಂದು ನನಗೆ ಗುಟ್ಟಾಗಿ ಹೇಳಿದರು. "ಹಿಮಾಲಯದ್ದು ಅಂದೆ. ಹಿಮಾಲಯಕ್ಕೆ ಸಮುದ್ರ ಯಾವಾಗ ಬಂತು ಅಂದ್ಲು. ನಾನು ಬಾಯಿ ಮುಚ್ಚಿಕೊಂಡು ಮೊಸರನ್ನ ತಿಂದೆ."

ಎರಡು ಗಿಡ ಸತ್ತವು. ಒಂಬತ್ತು ಉಳಿದವು. ಯಂತ್ರ ಸರಿಹೋಗಿ, ಕುಂಡಗಳು ಕೋಣೆಗೆ ಮರಳಿ ಮೂರು ವಾರವಾಗಿರಬೇಕು. ಒಂದು ಬೆಳಿಗ್ಗೆ ಮಾಮಾ ಕೊಡೆ, ಅಂಗವಸ್ತ್ರ ಏನೂ ಇಲ್ಲದೆ ಓಡಿಬಂದು ನನ್ನ ಕುಂಚ ಕಿತ್ತುಕೊಂಡರು. "ಬಾ, ಬಾ, ಸೀಕ್ರಂ!" ಪ್ರಿಮುಲಾದಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ನೇರಳೆ ಹೂವೊಂದು ಅರಳಿತ್ತು. ಅವರು ಕೈಮುಗಿದು ನಿಂತುಬಿಟ್ಟರು.

ಅಂಜಲೈಗೆ ಹೇಳಿಬರಲು ತಾವೇ ಹೋದರು. ಮರುದಿನ ಅವಳು ಹೊಸ ಸೀರೆಯುಟ್ಟು, ಮುಡಿತುಂಬ ಕನಕಾಂಬರ ಮುಡಿದು ಬಂದಳು. ಮೀನಿನ ವಾಸನೆ ಅವಳಿಗಿಂತ ಮುಂದಾಗಿ ಬಂದಿತ್ತು. ಕಾವಲುಗಾರ ಗೇಟಿನಲ್ಲೇ ತಡೆದ. ಗದ್ದಲ ಕೇಳಿ ಸೂಪರಿಂಟೆಂಡೆಂಟರೂ ಹೊರಬಂದು, "ಯಾರಿವರು?" ಎಂದರು.

ಮಾಮಾ ಅವಳ ಪಕ್ಕಕ್ಕೆ ಹೋಗಿ ನಿಂತರು. "ನಮ್ಮ ಗಿಡಗಳ ಸಂಬಂಧಿಕರು ಸಾರ್. ಬೇಸಿಗೆ ರಜಕ್ಕೆ ಎಲ್ಲಾ ಇವರ ಮನೇಲೇ ಇದ್ದವು. ಇವರು ಹೊರಗೆ ನಿಲ್ಲೋ ಹಾಗಿದ್ರೆ ನಾನೂ ಇಲ್ಲೇ ನಿಲ್ತೀನಿ."

 ಸೂಪರಿಂಟೆಂಡೆಂಟರು ಅವರನ್ನೂ ಅವಳನ್ನೂ ನೋಡಿ, ಗೇಟಿನಿಂದ ಪಕ್ಕಕ್ಕೆ ಸರಿದರು.

ಅಂಜಲೈ ಹೂವಿನ ಮುಂದೆ ಬಾಗಿ, "ಇಷ್ಟೇನಾ? ಇದಕ್ಕಾ ಅಷ್ಟು ಕುಣಿದೆ ಐಯರೇ?" ಎಂದಳು. ಆದರೆ ಅಲ್ಲಿಂದ ಕದಲಲು ಕಾಲು ಗಂಟೆ ಹಿಡಿಯಿತು. ಗುದ್ದಲಿ, ಬುಟ್ಟಿ ಇಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮಾಮಾ ನಿವೃತ್ತರಾದ ಎರಡು ವರ್ಷಕ್ಕೆ ನನಗೆ ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿತು. ಹೇಳಿಹೋಗಲು ತಿರುವಲ್ಲಿಕ್ಕೇಣಿಗೆ ಹೋದೆ. ಕನಕಮ್ಮ ಮಾಮಿ ಒಳಗೆ ಕಾಫಿಗೆ ಎದ್ದುಹೋದರು. ಮಾಮಾ ತೀರಾ ಇಳಿದುಹೋಗಿದ್ದರು. ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು.

"ಭಯ ಆಗ್ತಿದೆ ಮಾಮಾ. ಅಲ್ಲಿಯವರ ಮುಂದೆ ನನ್ನ ಕನ್ನಡ..."

"ಅಲ್ಲಿ ಕರಿಮಣ್ಣಾ, ಕೆಂಪು ಮಣ್ಣಾ?"

"ಎರಡೂ ಇದೆಯಂತೆ."

"ಜಾಗ ಬದಲಾಯಿಸಿದ ಗಿಡ ಮೊದಲು ಎಲೆ ಉದುರಿಸತ್ತೆ ಮಗೂ. ತಿಳೀದೋರು ಸತ್ತೇಹೋಯ್ತು ಅಂತ ಕಿತ್ತು ಎಸೀತಾರೆ. ಮೂರು ತಿಂಗಳು ಸುಮ್ನೆ ಇರು. ಚಿಗುರಿದಾಗ ನಂಗೊಂದು ಕಾಗದ ಹಾಕು."

ಧಾರವಾಡದಲ್ಲಿ ಮೊದಲ ದಿನವೇ ನಾನು "ಪರವಾಗಿಲ್ಲ" ಎನ್ನಲು ಹೋಗಿ "ಪರವಾಯಿಲ್ಲೆ" ಎಂದದ್ದಕ್ಕೆ ತರಗತಿಗೆ ತರಗತಿಯೇ ನಕ್ಕಿತು. ಮೂರು ತಿಂಗಳಲ್ಲ, ಏಳು ತಿಂಗಳು ಹಿಡಿಯಿತು. ಆಮೇಲೊಂದು ದಿನ ಹುಡುಗಿಯರು ನನ್ನ ಭಾಷೆಗಲ್ಲ, ನಾನು ಹೇಳಿದ ತಮಾಷೆಗೆ ನಕ್ಕರು. ಅಂದೇ ಅಂಚೆ ಕಚೇರಿಗೆ ಹೋಗಿ ಕಾರ್ಡು ಕೊಂಡು ಒಂದೇ ಸಾಲು ಬರೆದೆ: "ಮಾಮಾ, ಚಿಗುರಿತು."

ಉತ್ತರ ಬಂತು. ಅಕ್ಷರ ಕನಕಮ್ಮ ಮಾಮಿಯದು. ನನ್ನ ಕಾರ್ಡು ಬಂದದ್ದು ಮಾಮಾ ಹೋದ ಹನ್ನೆರಡನೆಯ ದಿನವಂತೆ. ಮಾಮಿ ಅದನ್ನು ಅವರ ಪಟದ ಮುಂದೆ ಗಟ್ಟಿಯಾಗಿ ಓದಿದರಂತೆ. ಕೊನೆಯಲ್ಲಿ ಕೇಳಿದ್ದರು: "ಯಾವ ಗಿಡವಮ್ಮಾ? ನೀನು ಹೆಸರೇ ಬರೆದಿಲ್ಲ."