ಬರ್ಮಾದಲ್ಲಿ ಉಳಿದ ಸಿಪಾಯಿ

ಜಗಲಿಯಲ್ಲಿ ಕೂತಿದ್ದ ಮಾದಮ್ಮ ತಟ್ಟನೆ ಎದ್ದು ಬಂದು ನಮ್ಮ ರೇಡಿಯೊಗೆ ಕಿವಿ ಹಚ್ಚಿ ನಿಂತಳು. ತೆರಕಣಾಂಬಿಯಿಂದ ಗುಂಡ್ಲುಪೇಟೆಯ ನಮ್ಮ ಮನೆಗೆ ಬೆಣ್ಣೆ ತರುವವಳು ಆಕೆ. ರೇಡಿಯೊದಲ್ಲಿ ಯುದ್ಧದ ನಾಟಕ ಬರುತ್ತಿತ್ತು. ಬರ್ಮಾದ ಕಾಡಿನಲ್ಲಿ ವೈರಿಗಳ ಕಣ್ಣು ತಪ್ಪಿಸಿ ಓಡುತ್ತಿದ್ದ ಸಿಪಾಯಿಗಳಲ್ಲಿ ಒಬ್ಬನಿಗೆ ಗುಂಡೇಟು ಬಿತ್ತು. ಅವನನ್ನು ಯಾರದೋ ಗುಡಿಸಲಿನಲ್ಲಿ ಅಡಗಿಸಿಟ್ಟು ಉಳಿದವರು ಗಡಿ ದಾಟಿದರು. ನಾಟಕ ಅಲ್ಲಿಗೆ ಮುಗಿಯಿತು.

“ಅಲ್ಲೇ ಉಳ್ಕಂಡೋನ ಎಸ್ರು ಏನಂದ್ರವ್ವ?” ಎಂದು ಮಾದಮ್ಮ ನನ್ನನ್ನು ಕೇಳಿದಳು.

ಅವಳ ಗಂಡ ದಂಡಿಗೆ ಸೇರಿ ಬರ್ಮಾಕ್ಕೆ ಹೋದವನು. ಯುದ್ಧ ಮುಗಿದು ಹತ್ತು ವರ್ಷವಾದರೂ ಅವನೂ ಬಂದಿಲ್ಲ, ಸತ್ತನೆಂಬ ಸುದ್ದಿಯೂ ಬಂದಿಲ್ಲ.

“ಹೆಸರು ರಾಮಸಿಂಗ ಅಂದ್ರು ಮಾದಮ್ಮ. ಅದು ಬರೀ ಕಟ್ಟುಕತೆ,” ಎಂದೆ ಮೆಲ್ಲಗೆ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ವೈರಿಗಳ ನಾಡಲ್ಲಿ ಯಾರು ಕಣವ್ವ ಸ್ವಂತ ಎಸ್ರು ಯೋಳ್ತಾರೆ? ಬೇರೆ ಎಸ್ರು ಯೋಳ್ಕಂಡಿರ್ತಾನೆ ಬುಡು,” ಎಂದು ಬುಟ್ಟಿ ಎತ್ತಿಕೊಂಡು ಹೊರಟಳು.

ಅಂದಿನಿಂದ, ಮೈಸೂರಿನ ಬಸ್ಸು ಬಂದು ನಿಂತಾಗಲೆಲ್ಲ, ಟ್ರಂಕು ಹಿಡಿದು ಇಳಿಯುವ ಪರಸ್ಥಳದ ಗಂಡಸರ ಮುಖವನ್ನು ನಾನೂ ನಿಂತು ನೋಡುತ್ತೇನೆ.