ಕಡೂರಿನಲ್ಲೊಂದು ಬೊಂಬಾಯಿ ಊಟ

ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಬಲಗೈ ತುಂಬ ಕರಿ ರೋಮ, ಎಡಗೈ ಮಾತ್ರ ಎಣ್ಣೆ ಹಚ್ಚಿ ಒರೆಸಿದ ಹಾಗೆ ನುಣುಪು, ಅಲ್ಲಲ್ಲಿ ಕಂದು ಕಲೆ. ಬೊಂಬಾಯಿಯ ದೊಡ್ಡ ಹೋಟೆಲೊಂದರಲ್ಲಿ ವರ್ಷಗಟ್ಟಲೆ ಆ ಕೈಯ ಮೇಲೆ ಬಿಸಿ ತಟ್ಟೆಗಳನ್ನು ಸಾಲಾಗಿ ಹೊತ್ತು ಓಡಾಡಿ ಹಾಗಾಗಿತ್ತು. ಊರಿನವರು ಅವರನ್ನು ಬೊಂಬಾಯಿ ಹೋಟ್ಲಣ್ಣ ಎನ್ನುತ್ತಿದ್ದರು. ನನಗೆ ಬರೀ ಅಣ್ಣ. ವಯಸ್ಸಿನಲ್ಲಿ ನಾನು ಅವರ ಅರ್ಧದಷ್ಟಿದ್ದರೂ ಅವರು ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದರು, ಸಿಟ್ಟು ಬಂದಾಗ ಮಾತ್ರ 'ಏನಮ್ಮಾ'. ಸಿಟ್ಟು ಬಾರದ ದಿನ ಇರಲಿಲ್ಲ ಅನ್ನಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕಡೂರಿನ ಬಿ.ಎಚ್. ರಸ್ತೆಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಕಟ್ಟಡದ ಮಹಡಿಯ ಮೇಲೆ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ದಿನಾ ಬೀರೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನನ್ನ ಕೋಣೆಯ ಎದುರಿಗಿದ್ದ ದೊಡ್ಡ ಹಜಾರದಲ್ಲಿ ಕೊಬ್ಬರಿ ಚೀಲ ಒಟ್ಟುತ್ತಿದ್ದರು. ಒಂದು ದಿನ ಅವೆಲ್ಲ ಖಾಲಿಯಾಗಿ, ಸುಣ್ಣ ಬಳಿಯುವವರು ಬಂದರು. ಆಮೇಲೆ ಬಿಳಿ ಮೇಜುಬಟ್ಟೆಗಳು ಬಂದವು, ಪಿಂಗಾಣಿ ತಟ್ಟೆಗಳು ಬಂದವು, ಪ್ರತಿ ಮೇಜಿಗೂ ಬಣ್ಣದ ಗಾಜಿನ ಒಂದೊಂದು ದೀಪ ಬಂತು. ಕರಿ ಪ್ಯಾಂಟು, ಬಿಳಿ ಷರಟು, ಕೊರಳಿಗೆ ಬೋ ಟೈ ಕಟ್ಟಿಕೊಂಡು ಅಣ್ಣ ಬಂದು ಬಾಗಿಲಲ್ಲಿ ನಿಂತರು. ಎಷ್ಟು ಸುಣ್ಣ ಬಳಿದರೂ ಗೋಡೆಯ ಕೊಬ್ಬರಿ ವಾಸನೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಅದೂ ಅವರ ಸಿಟ್ಟಿನ ಕಾರಣಗಳಲ್ಲೊಂದು.

ಅವರು ಸಖರಾಯಪಟ್ಟಣದ ರೈತರ ಮನೆಯವರು. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಓಡಿಹೋಗಿ, ತಟ್ಟೆ ತೊಳೆಯುವುದರಿಂದ ಶುರುಮಾಡಿ, ಸಾಹೇಬರುಗಳಿಗೆ ಬಡಿಸುವವರ ಮೇಸ್ತ್ರಿಯಾಗುವ ತನಕ ಏರಿದ್ದರು. ಹೆಂಡತಿ ಮಕ್ಕಳು ಎಂಬುದಿರಲಿಲ್ಲ. ಕೂಡಿಟ್ಟದ್ದನ್ನೆಲ್ಲ ತಂದು ಈ ಹಜಾರಕ್ಕೆ ಸುರಿದಿದ್ದರು. ಅವರಿಗಿದ್ದದ್ದು ಒಂದೇ ಹಟ: ಬೊಂಬಾಯಿಯಲ್ಲಿ ಸಾಹೇಬರು ಹೇಗೆ ಕೂತು ಉಣ್ಣುತ್ತಾರೋ ನಮ್ಮ ಸೀಮೆಯವರೂ ಒಂದು ದಿನವಾದರೂ ಹಾಗೆ ಉಣ್ಣಬೇಕು.

"ನಮ್ಮೋರು ಉಣ್ಣೋದು ನೋಡಿದೀರಾ ಮೇಡಂ? ಯಾರೋ ಅಟ್ಟಿಸ್ಕೊಂಡು ಬತ್ತಾವ್ರೆ ಅನ್ನೋ ಹಂಗೆ ಉಣ್ತಾರೆ. ಕಾಯೋದೂ ಊಟದಲ್ಲೇ ಸೇರ್ತು ಕಣ್ರೀ. ಅದು ಯಾರಿಗೂ ಗೊತ್ತಿಲ್ಲ."

ಅಡುಗೆಗೂ ಅವರೇ, ಬಡಿಸುವುದಕ್ಕೂ ಅವರೇ. ಪಾತ್ರೆಗೆ ಮಾತ್ರ ಒಬ್ಬ ಹೆಂಗಸಿದ್ದಳು. ವೆಲ್ಡಿಂಗ್ ಅಂಗಡಿಯವನ ತಲೆ ತಿಂದು ಎಣ್ಣೆ ಡ್ರಮ್ಮಿನಲ್ಲಿ ಒಂದು ಒಲೆ ಮಾಡಿಸಿಕೊಂಡಿದ್ದರು. ತರಕಾರಿಗೆ ಬಿಳಿ ಸಾಸು ಸುರಿದು, ಮೇಲೆ ಚೀಸ್ ತುರಿದು, ಅದರಲ್ಲಿ ಬೇಯಿಸುತ್ತಿದ್ದರು. ಚೀಸ್ ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕು. ಅದು ಬರುವಷ್ಟರಲ್ಲಿ ಒಮ್ಮೊಮ್ಮೆ ಕರಗಿ ಡಬ್ಬಿಯ ತಳದಲ್ಲಿ ಎಣ್ಣೆಯಾಗಿರುತ್ತಿತ್ತು. ಆ ದಿನಗಳಲ್ಲಿ ನಾನು ಅವರ ಎದುರು ಹೋಗುತ್ತಿರಲಿಲ್ಲ.

ನನ್ನ ಪಾಲಿನ ಕಷ್ಟ ಮೆನು ಟೈಪ್ ಮಾಡುವುದು. ಇಂಗ್ಲಿಷ್ ಮಾತು ಅವರಿಗೆ ಸರಾಗ, ಬರೆಯಲು ಬಾರದು. ಅವರು ಹೇಳುವುದು, ನಾನು ಬಡಿಯುವುದು. ಎಷ್ಟೋ ಹೆಸರು ನನ್ನ ಡಿಕ್ಷನರಿಯಲ್ಲೇ ಇರುತ್ತಿರಲಿಲ್ಲ. ಒಂದು ಅಕ್ಷರದ ಮೇಲೆ ಮಸಿ ಹೆಚ್ಚು ಬಿದ್ದರೆ ಹಾಳೆ ವಾಪಸ್ಸು. "ಸರಿಯಾಗೇ ಇದೆಯಲ್ಲಣ್ಣಾ, ಓದೋಕೆ ಬರುತ್ತಲ್ಲ" ಎಂದರೆ, "ಓದೋಕೆ ಪೋಲೀಸ್ ಸ್ಟೇಷನ್ ನೋಟೀಸೂ ಬತ್ತದೆ. ಏನಮ್ಮಾ, ಹೊಟ್ಟೆ ಹಸಿಬೇಕು ಅದನ್ನ ನೋಡಿದ್ರೆ!" ಎನ್ನುತ್ತಿದ್ದರು. ಬಡಿದ ಹಾಳೆಯನ್ನೇ ಮತ್ತೆ ಬಡಿಯುತ್ತಾ ನಾನು ಅವರನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಲೆಕ್ಕವಿಲ್ಲ.

ಇಷ್ಟೆಲ್ಲ ಮಾಡಿ, ಬಂದವರು ಯಾರು? ತೆಂಗಿನಕಾಯಿ ಮಾರಿ ಕೈಯಲ್ಲಿ ಕಾಸಾಡುತ್ತಿದ್ದ ಸಿಂಗಟಗೆರೆ ಕಡೆಯ ರೈತರು ಮೊದಮೊದಲು ಕುತೂಹಲಕ್ಕೆ ಮಹಡಿ ಹತ್ತಿದರು. ಕೂತ ತಕ್ಷಣ "ಊಟ ತತ್ತಾ" ಎಂದರು. ಅಣ್ಣ ಸೂಪು ತಂದಿಟ್ಟರು. "ಇದೇನ್ ಸಾರಾ? ಅನ್ನ ಎಲ್ಲಪ್ಪಾ?" ಅಣ್ಣ ಕೈಕಟ್ಟಿ ನಿಂತು, ಮೊದಲು ಇದು, ಆಮೇಲೆ ಅದು, ಆಮೇಲೆ ಇನ್ನೊಂದು ಎಂದು ವಿವರಿಸಿದರು. "ಎಲ್ಲಾ ಒಂದೇ ಸಲ ಹಾಕ್ಬಿಡು ಮಾರಾಯ, ಬಸ್ ಹೋಯ್ತದೆ." ಒಮ್ಮೊಮ್ಮೆ ಅರ್ಧ ಊಟದಲ್ಲಿ ಎದ್ದು ಎದುರಿನ ಮೆಸ್ಸಿಗೆ ಹೋಗಿ ಮುದ್ದೆ ಉಂಡರು. ಶಿವಮೊಗ್ಗ, ಚಿಕ್ಕಮಗಳೂರಿನ ಕಡೆಗೆ ಹೋಗುವ ಕಾರುಗಳು ನಿಂತಾಗ ಅಣ್ಣನ ಮುಖ ಅರಳುತ್ತಿತ್ತು. ಕಾರಿನವರು ಕುಟುಂಬ ಸಮೇತ ಮೇಲೆ ಬಂದು, ಆ ರಸ್ತೆಗೆಲ್ಲ ಚೊಕ್ಕಟವಾಗಿದ್ದ ಅಣ್ಣನ ಕಕ್ಕಸಿಗೆ ಒಬ್ಬೊಬ್ಬರಾಗಿ ಹೋಗಿ ಬಂದು, ಟೀ ಕುಡಿದು ಇಳಿದುಬಿಡುತ್ತಿದ್ದರು. ಮೆನು ಕೈಗೆತ್ತಿಕೊಂಡವರು ಬೆಲೆ ನೋಡಿ ಕೆಳಗಿಡುತ್ತಿದ್ದರು. ಬೆಲೆಯೂ ಹಾಗೇ ಇತ್ತು. ನಮ್ಮ ಊರಿಗೆ ಅದು ಮದುವೆ ಮನೆಯ ಖರ್ಚು.

"ಮಧ್ಯಾಹ್ನದ ಹೊತ್ತಿಗಾದರೂ ಪ್ಲೇಟ್ ಊಟ ಹಾಕಿ ಅಣ್ಣಾ" ಎಂದು ನಾನು ಎಷ್ಟು ಸಲ ಹೇಳಿದೆನೋ! "ಅದಕ್ಕೆ ನಾನ್ ಬೇಕಾ? ಎದುರಿಗಿರೋನು ಸಾಲ್ದಾ?" ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಒಂದು ದಿನ ಬಸ್ಸಿನ ನೂಕುನುಗ್ಗಲಿನಲ್ಲಿ ನನ್ನ ಬುತ್ತಿ ಚೆಲ್ಲಿಹೋಗಿತ್ತು. ಮಧ್ಯಾಹ್ನ ಬಾಗಿಲ ಮರೆಯಲ್ಲಿ ನಿಂತು ಬನ್ನು ತಿನ್ನುತ್ತಿದ್ದೆ. ಆ ಕಾಲಕ್ಕೆ ನಮ್ಮ ಕಡೆ ಹೆಂಗಸರು ಹೋಟೆಲಿಗೆ ಹೋಗುವುದಿದ್ದರೆ ಮನೆಯವರ ಜೊತೆ ಹೋಗಿ ಪರದೆ ಹಾಕಿದ ಕೋಣೆಯಲ್ಲಿ ಕೂರಬೇಕು. ಒಬ್ಬಳೇ ಹೋಗಿ ಉಂಡವಳನ್ನು ನಾನು ಕಂಡಿರಲಿಲ್ಲ. ಅಣ್ಣ ನೋಡಿದರು. ಏನೂ ಕೇಳದೆ ನನ್ನನ್ನು ಕರೆದೊಯ್ದು, ರಸ್ತೆ ಕಾಣುವ ಕಿಟಕಿಯ ಪಕ್ಕದ ಮೇಜಿನ ಕುರ್ಚಿ ಎಳೆದು, ಕೂರುವ ತನಕ ಅದನ್ನು ಹಿಡಿದು ನಿಂತರು. ನನ್ನ ಜೀವಮಾನದಲ್ಲಿ ಯಾರೂ ನನಗೆ ಕುರ್ಚಿ ಎಳೆದಿರಲಿಲ್ಲ.

ಆ ದಿನವೇ ಗೊಬ್ಬರದ ಅಂಗಡಿಯ ಸಾಹುಕಾರರೊಬ್ಬರು ನಾಲ್ಕಾರು ಸ್ನೇಹಿತರ ಜೊತೆ ಬಂದು ಕೂತಿದ್ದರು. ತಿಂಗಳಿಗೊಂದು ಸಿಗುವಂಥ ಗಿರಾಕಿ. ಸೂಪು ಬರುವಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು.

"ಆಯಮ್ಮ ಯಾರ್ ಜೊತೆ ಬಂದೈತೆ?" ಎಂದು ಸಾಹುಕಾರರು ಅಣ್ಣನನ್ನು ಕೇಳಿದರು.

"ಅವರ ಜೊತೆ ಅವರೇ ಬಂದವ್ರೆ ಸಾರ್."

"ತಮಾಸೆ ಮಾಡ್ತೀಯಾ? ಒಂಟಿ ಹೆಂಗ್ಸನ್ನ ಹಿಂಗೆ ಕಿಟ್ಕಿ ತಾವ ಕೂರಿಸ್ಕೊಂಡ್ರೆ, ನಾಳೆ ಯಾರ್ ಮನೆ ಹೆಣ್ಮಕ್ಳು ಬತ್ತಾರೆ ನಿನ್ ಹೋಟ್ಲಿಗೆ? ಒಳಿಕ್ ಕಳ್ಸು."

ನಾನು ಎದ್ದುಬಿಟ್ಟೆ. ಒಳಗೆ ಹೋಗಲು ತಟ್ಟೆ ಕೈಗೆತ್ತಿಕೊಂಡೆ. ಅಣ್ಣ ನನ್ನ ಕಡೆ ತಿರುಗಿ, ಮೆಲ್ಲಗೆ, "ಕೂತ್ಕೊಳಿ ಮೇಡಂ. ನಿಮ್ದಿನ್ನೂ ಅರ್ಧ ಆಗಿಲ್ಲ" ಎಂದರು. ಸಾಹುಕಾರರು ಕುರ್ಚಿ ದೂಡಿ ಎದ್ದು, ತಮ್ಮವರನ್ನೆಲ್ಲ ಎಬ್ಬಿಸಿಕೊಂಡು ಮೆಟ್ಟಿಲಿಳಿದರು. ಮತ್ತೆಂದೂ ಬರಲಿಲ್ಲ.

ಸುದ್ದಿ ಸಂಜೆಯ ಹೊತ್ತಿಗೆ ಬೀರೂರು ಮುಟ್ಟಿತ್ತು. ಇನ್‌ಸ್ಟಿಟ್ಯೂಟಿಗೆ ಬೀಗ ಹಾಕು ಎಂದು ಅಪ್ಪ ಕೂಗಾಡಿದರು. ಅದನ್ನು ಉಳಿಸಿಕೊಳ್ಳಲು ನಾನು ಅತ್ತು ಕರೆದು ವಾರಗಟ್ಟಲೆ ಹೆಣಗಿದೆ. ಮಾರನೆಯ ದಿನ ಅಣ್ಣನ ಮೇಲೆ ಹರಿಹಾಯ್ದೆ: "ನಿಮ್ಮ ಬೊಂಬಾಯಿ ರೀತಿಗೆ ನನ್ನ ಯಾಕೆ ಬಲಿ ಕೊಟ್ರಿ? ಒಳಗೆ ಕೂರಿಸಿದ್ರೆ ಏನಾಗ್ತಿತ್ತು?" ಅವರು ಚಮಚ ಒರೆಸುತ್ತಲೇ ಇದ್ದರು. "ಒಳಗೆ ಪಾತ್ರೆ ತೊಳಿತಾರೆ. ಊಟ ಮಾಡೋ ಜಾಗ ಇದು" ಎಂದರು. ನಾನು ಬಾಗಿಲು ದಢಾರನೆ ಹಾಕಿಕೊಂಡು ಬಂದೆ.

ಆದರೆ ಮುಂದೆ ಕೆಲಸದ ಮೇಲೆ ಎಷ್ಟೋ ಊರು ತಿರುಗಿದೆ. ಯಾವ ಹೋಟೆಲಿಗೆ ಹೋದರೂ ಒಬ್ಬಳೇ ನಡುಮಧ್ಯದ ಮೇಜಿನಲ್ಲಿ ಕೂರುತ್ತೇನೆ, ಬೇಕಾದ್ದು ಕೇಳಿ ತರಿಸಿಕೊಂಡು ನಿಧಾನವಾಗಿ ಉಣ್ಣುತ್ತೇನೆ. ಯಾರು ನೋಡಿದರೂ ಅರ್ಧದಲ್ಲಿ ಏಳುವುದಿಲ್ಲ. ಇದು ಅವರು ಕೊಟ್ಟದ್ದು. ಬದುಕಿದ್ದಾಗ ಅವರಿಗೆ ಇದನ್ನು ಹೇಳಲಾಗಲಿಲ್ಲ. ನಮ್ಮಿಬ್ಬರಿಗೂ ಜಗಳವಾಡುವುದರಲ್ಲೇ ಹೊತ್ತು ಹೋಗುತ್ತಿತ್ತು.

ಅವರ ನಿಜವಾದ ಕೊರಗು ಬೇರೆ ಇತ್ತು. ಅವರ ತಂದೆ. ಸಖರಾಯಪಟ್ಟಣದ ಆ ಅಜ್ಜ ಮಠಕ್ಕೆ ನಡೆದುಕೊಳ್ಳುವವರು, ಕೊರಳಲ್ಲಿ ಲಿಂಗದ ಕರಡಿಗೆ, ಹಣೆ ತುಂಬ ವಿಭೂತಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ. ಅಂಥವರ ಮಗ ಅನ್ನ ಮಾರಲು ಕೂತನಲ್ಲ ಎಂದು ಹೋಟೆಲಿನ ಮೆಟ್ಟಿಲೇ ಹತ್ತಿರಲಿಲ್ಲ. ಅಣ್ಣ ಹೋಗಿ ಹೋಗಿ ಬೇಡಿಕೊಂಡರು. ಕೊನೆಗೊಂದು ಸಂತೆಯ ದಿನ ಅಜ್ಜ ಬರುತ್ತೇನೆಂದು ಒಪ್ಪಿದರು.

ಅವತ್ತು ಅಣ್ಣ ಬೇರೆ ಯಾವ ಗಿರಾಕಿಯನ್ನೂ ಒಳಗೆ ಬಿಡಲಿಲ್ಲ. ಬೆಳಗಿನಿಂದ ಒಲೆಯ ಮುಂದೆ. ನನ್ನಿಂದ ಕನ್ನಡದಲ್ಲಿ ಮೆನು ಟೈಪ್ ಮಾಡಿಸಿದರು. ಅಜ್ಜನಿಗೆ ಓದಲು ಬಾರದೆಂಬುದು ಆ ಸಂಭ್ರಮದಲ್ಲಿ ಅವರಿಗೇ ಮರೆತಿತ್ತು. ಅಜ್ಜ ಬಂದರು, ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತರು. ಮಾತಿಗೆ ಜೊತೆಯಿರಲೆಂದು ಅಣ್ಣ ನನ್ನನ್ನೂ ಎದುರಿಗೆ ಕೂರಿಸಿದರು. ಸೂಪು ಬಂತು, ಎರಡು ತುಂಡು ಸುಟ್ಟ ಬ್ರೆಡ್ಡು ಬಂತು. ಅಜ್ಜ ಬಟ್ಟಲೆತ್ತಿ ಕುಡಿದರು, ಬ್ರೆಡ್ಡನ್ನು ಭಕ್ತಿಯಿಂದ ತಿಂದರು. ಅಣ್ಣ ಮುಂದಿನದನ್ನು ತರಲು ಒಳಗೆ ಹೋದರು. ಡ್ರಮ್ಮಿನ ಒಲೆ ಆ ದಿನವೇ ಕೈಕೊಟ್ಟಿತ್ತು. ಹೊತ್ತಾಯಿತು. ಒಳಗಿನಿಂದ ಊದುವ ಸದ್ದು, ಹೊಗೆ.

ಅಜ್ಜ ಎದ್ದು ಮೂಲೆಯ ನಲ್ಲಿಯಲ್ಲಿ ಕೈ ತೊಳೆದರು. ಪೇಟ ಸುತ್ತಿಕೊಂಡರು.

"ಅಜ್ಜಾ, ಕೂತ್ಕೊಳಿ, ಊಟ ಇನ್ನೂ ಇದೆ" ಎಂದೆ.

"ಆಯ್ತು ಕಣವ್ವಾ, ಮಗ ಕೊಟ್ಟಿದ್ದು ಸಾಕು." ಆಮೇಲೆ ದನಿ ತಗ್ಗಿಸಿ, "ಕಷ್ಟದಾಗವ್ನೆ ಅಲ್ವಾ? ಬರೀ ಸಾರು ಕುಡ್ಕೊಂಡವ್ನೆ. ನಾನ್ ಕೂತಿದ್ರೆ ಅವ್ನಿಗೆ ನಾಚ್ಕೆ ಆಯ್ತದೆ" ಎಂದರು. ನಾನು ಹಾಗಲ್ಲ, ಹಾಗಲ್ಲ ಎನ್ನುತ್ತ ಹಿಂದೆ ಹೋದರೂ ಕೇಳದೆ ಮೆಟ್ಟಿಲಿಳಿದುಬಿಟ್ಟರು.

ಅಣ್ಣ ಎಡಗೈಯ ಮೇಲೆ ತಟ್ಟೆಗಳನ್ನು ಸಾಲಾಗಿಟ್ಟುಕೊಂಡು, ಬೋ ಸರಿಮಾಡಿಕೊಂಡು, ನಗುತ್ತಾ ಹೊರಬಂದರು. ಖಾಲಿ ಕುರ್ಚಿ. ನನ್ನ ಮುಖ ನೋಡಿದರು. "ಎಲ್ಲಿ?" ಎಂದರು. ನಾನು ರಸ್ತೆಯ ಕಡೆ ಕೈ ತೋರಿಸಿದೆ. ಅವರು ತಟ್ಟೆಗಳನ್ನು ಕೆಳಗಿಟ್ಟು, ಒಳಗಿನಿಂದ ಹಬೆಯಾಡುತ್ತಿದ್ದ ಪಾತ್ರೆಯೊಂದನ್ನು ತಂದು ಬಟ್ಟೆಯಲ್ಲಿ ಹಿಡಿದು, ಬಿ.ಎಚ್. ರಸ್ತೆಯ ಜನರ ನಡುವೆ ಬಸ್ ಸ್ಟ್ಯಾಂಡಿನತ್ತ ಓಡಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎದುರು ಮೆಸ್ಸಿನವರು ಹೊರಬಂದು ನಗುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಅಣ್ಣ ಅದೇ ಪಾತ್ರೆ ಹಿಡಿದು ವಾಪಸು ಬಂದರು. ಬಸ್ಸು ಹೊರಟಿತ್ತು.

"ಒಂದ್ ಗಳಿಗೆ ಕಾಯಕ್ಕಾಗ್ಲಿಲ್ವಾ? ಒಂದ್ ಗಳಿಗೆ!" ಎಂದು ಗೋಡೆಗೆ ಕೈ ಬಡಿದರು. ಅಷ್ಟು ಸಿಟ್ಟಿನಲ್ಲೂ ಪಾತ್ರೆಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟರು.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ವಾರ ಸಖರಾಯಪಟ್ಟಣದ ಬಸ್ಸಿನ ಮೇಲಿಂದ ಒಂದು ಚೀಲ ರಾಗಿ, ಒಂದು ಚೀಲ ಅಕ್ಕಿ, ಒಂದಷ್ಟು ತೆಂಗಿನಕಾಯಿ ಇಳಿದವು. ಕಳಿಸಿದ್ದು ಅಜ್ಜ. ಮಗನಿಗೆ ಹೊಟ್ಟೆಗಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ಅತ್ತಿದ್ದರಂತೆ. ಆಮೇಲೆ ನೆಂಟರೆಲ್ಲ ಸಂತೆಗೆ ಬಂದಾಗ ಹುರುಳಿಯೋ ಮೆಣಸಿನಕಾಯಿಯೋ ಗಂಟು ಕಟ್ಟಿ ತಂದು, ಬೋ ಕಟ್ಟಿದ ಅಣ್ಣನ ಕೈಗಿಟ್ಟು, ಕನಿಕರದಿಂದ ನೋಡಿ ಹೋಗುತ್ತಿದ್ದರು. ಊರೇ ಉಗಿದಿದ್ದರೂ ಅವರು ತಡೆದುಕೊಳ್ಳುತ್ತಿದ್ದರು, ಈ ಕನಿಕರ ತಡೆಯದಾಯಿತು. "ನಾನ್ ಯಾರನ್ನಾದ್ರೂ ಭಿಕ್ಷೆ ಬೇಡಿದ್ನಾ ಮೇಡಂ?" ಎಂದು ಕೇಳುತ್ತಿದ್ದರು. ಊರಿಗೆ ಹೋಗಿ ತಂದೆಗೆ ಬಿಡಿಸಿ ಬಿಡಿಸಿ ಹೇಳಿದರು: ಊಟ ಇನ್ನೂ ಬರುವುದಿತ್ತು, ನೀನೇ ಎದ್ದು ಬಂದೆ ಎಂದು. ಅಜ್ಜ ನಂಬಲಿಲ್ಲ. ಮಾನ ಉಳಿಸಿಕೊಳ್ಳಲು ಹಾಗಂತಾನೆ ಎಂದುಕೊಂಡರು.

ವರ್ಷ ತುಂಬುವುದರೊಳಗೆ ಹೋಟೆಲು ಮುಚ್ಚಿತು. ಹಜಾರಕ್ಕೆ ಮತ್ತೆ ಕೊಬ್ಬರಿ ಚೀಲ ಬಂತು. ಅಣ್ಣ ಊರಿಗೆ ಹೋಗಿ ತಂದೆಯ ಜೊತೆ ತೋಟ ನೋಡಿಕೊಂಡರು. ನನಗೆ ಸರ್ಕಾರಿ ಕೆಲಸ ಸಿಕ್ಕಿ ತರೀಕೆರೆಗೆ ಹೋದೆ. ಅಣ್ಣ ಆ ಕಡೆ ಬಂದಾಗಲೆಲ್ಲ ನನ್ನ ಆಫೀಸಿಗೆ ಬಂದು ಕೂರುತ್ತಿದ್ದರು, ನಮ್ಮ ಕ್ಯಾಂಟೀನಿನ ಕಾಫಿ ಲೋಟ ನೋಡಿ ಬೈದು ಹೋಗುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಅಣ್ಣ ತೋಟದಲ್ಲೇ ಕುಸಿದು ಹೋಗಿಬಿಟ್ಟರು. ಎದೆನೋವು ಎಂದರು. ನಾನು ಹೋಗುವಷ್ಟರಲ್ಲಿ ತೋಟದ ಅಂಚಿನಲ್ಲಿ ಸಮಾಧಿ ಆಗಿತ್ತು. ಅಜ್ಜ ಇನ್ನೂ ಇದ್ದರು, ಬಾಗಿದ ಬೆನ್ನು, ಕಣ್ಣು ಮಂಜು. ಮಾತಿಗೆ ಶುರುಮಾಡಿದರೆ ಅದೇ ಮಾತು: "ಮಗ ಕಡೂರಿನಾಗೆ ಹೊಟ್ಟೆಗಿಲ್ದೆ ಬಡವಾಗ್ಬಿಟ್ಟ ಕಣವ್ವಾ. ಅದೇ ಎದೆಗೆ ಇಳೀತು."

ನಾನು ಅವರ ಪಕ್ಕ ನೆಲದ ಮೇಲೆ ಕೂತೆ. ಕೈ ಹಿಡಿದುಕೊಂಡೆ. ಆ ದಿನದ ಅಡುಗೆಯನ್ನೆಲ್ಲ ಒಂದೊಂದಾಗಿ ಹೇಳಿದೆ. ಬೇಯಿಸಿದ ತರಕಾರಿ ಏನೇನು, ಪಲಾವಿಗೆ ಹಾಕಿದ ಗೋಡಂಬಿ ಎಷ್ಟು, ಕೊನೆಗೆ ಹಣ್ಣಿನ ಮೇಲೆ ಹಾಲಿನ ಕೆನೆ. ಬೆಳಗಿನಿಂದ ಅಣ್ಣ ಒಲೆ ಬಿಟ್ಟು ಏಳಲಿಲ್ಲ, ಪಾತ್ರೆ ಹಿಡಿದು ನಿಮ್ಮ ಬಸ್ಸಿನ ಹಿಂದೆ ಓಡಿದರು, ನಾನೇ ಕಣ್ಣಾರೆ ನೋಡಿದೆ ಎಂದೆ. ಅಜ್ಜ ಕೊನೆಯವರೆಗೂ ಕೇಳಿಸಿಕೊಂಡರು. ನಂಬಿದರು ಎಂದುಕೊಂಡೆ.

ಅವರು ನನ್ನ ತಲೆ ಸವರಿ ಹೇಳಿದರು: "ನೀನು ಒಳ್ಳೇವ್ಳು ಕಣವ್ವಾ. ಹೋದ್ಮೇಲೂ ಅವ್ನ ಮಾನ ಕಾಯ್ತೀಯಲ್ಲ."