ಸನಾದಿಯವರ ಕೈಯಲ್ಲಿ ಪೈಪು

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಸನಾದಿ ರಿಪೇರಿ ಮಾಡುವವರೊಬ್ಬರಿದ್ದರು. ಯಾವ ವಾದ್ಯ ಕೊಟ್ಟರೂ ಕಣ್ಣು ಮುಚ್ಚಿ ಸವರುತ್ತ, "ಉಸರ ಹಾಯಬೇಕ್ರಿ, ಉಳದದ್ದೆಲ್ಲಾ ಶೋಭಾ" ಎನ್ನುತ್ತಿದ್ದರು.

ನನ್ನ ಹಸ್ಬೆಂಡ್ ತೀರಿಕೊಂಡ ಮೇಲೆ ಅವರ ತಂಬಾಕಿನ ಪೈಪಿನ ಕೊಳವೆ ಬಿರುಕು ಬಿಟ್ಟಿತು. ಸನಾದಿಯವರ ಹತ್ತಿರ ಒಯ್ದೆ.

"ಬಾಯಿಗಿಡೂ ತುದಿ ಕಡದ, ಹೊಸಾದ ಕೂಡಸ್ತೀನ್ರಿ ಬಾಯಾರ."

"ಪ್ಲೀಸ್, ಬ್ಯಾಡ್ರಿ. ಅಲ್ಲೆ ಅವರ ಹಲ್ಲಿನ ಗುರ್ತ ಅದಾವ."

ಅವರು ಆ ಗುರುತುಗಳ ಮೇಲೆ ಹೆಬ್ಬೆರಳಾಡಿಸಿದರು. ತುದಿಯನ್ನು ಹಾಗೇ ಬಿಟ್ಟು ಬಿರುಕಿಗೆ ಅರಗು ತುಂಬಿ, ಸನಾದಿಗೆ ಸುತ್ತುವಂತೆ ನೂಲು ಸುತ್ತಿದರು. ಪೈಪಿಗೆ ಜೋಡಿಸಿ, ಸನಾದಿ ಊದುವ ಹ್ಯಾಬಿಟ್‌ನಿಂದ ಜೋರಾಗಿ ಊದಿಯೇಬಿಟ್ಟರು. ನನ್ನ ಹಸ್ಬೆಂಡ್ ಕೊನೆಯ ಸಲ ಸೇದಿ ಒಳಗೆ ಉಳಿದಿದ್ದ ಬೂದಿ ನನ್ನ ಸೀರೆಯ ತುಂಬ ಹಾರಿತು.

"ಅಯ್ಯ, ಊದೂದಲ್ರಿ ಅದು, ಎಳಿಯೂದು!" ಎಂದು ನಕ್ಕೆ.

"ಉಸರಂತೂ ಹಾದೈತಲ್ರಿ," ಎಂದರು.

ಸೀರೆ ಕೊಡವಲು ಎತ್ತಿದ ಕೈಯನ್ನು ಇಳಿಸಿ, ಹಾಗೆಯೇ ಮೆಲ್ಲಗೆ ಮನೆಗೆ ನಡೆದೆ.